ಕಣ್ಣು ಬಿಡುವ ಮುಂಚಿನ ಎಂಟು ದಿನ

ನಮ್ಮ ಮನೆಗೆ ಮೊಮ್ಮಗ ಬಂದು ಇವತ್ತಿಗೆ ಹದಿನೆಂಟು ದಿನ. ಓಣಿಯ ಹೆಂಗಸರೆಲ್ಲ ಬಂದು ಎತ್ತಿಕೊಂಡು, ನೆತ್ತಿ ಮೂಸಿ, ಮೂಗು ಯಾರ ಹಾಗಿದೆ ಎಂದು ಜಗಳಾಡಿ ಹೋಗಿದ್ದಾರೆ. ಕೂಸನ್ನು ಇನ್ನೂ ಒಮ್ಮೆಯೂ ಎತ್ತಿಕೊಳ್ಳದವಳು ಈ ಮನೆಯಲ್ಲಿ ಒಬ್ಬಳೇ, ನನ್ನ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಬಾಣಂತಿಯಾದ ನನ್ನ ಮಗಳಿಗೆ ನೀರು ಕಾಯಿಸುವವಳು ಅಕ್ಕ, ಅಂಟಿನುಂಡಿ ಕಟ್ಟಿದವಳು ಅಕ್ಕ, ಕೂಸಿನ ಹೊಲಸು ಬಟ್ಟೆ ಒಗೆದು ಬಿಸಿಲಿಗೆ ಹರವುವವಳೂ ಅಕ್ಕ. ಯಾರಾದರೂ ಕೂಸನ್ನು ಅವಳತ್ತ ಚಾಚಿದರೆ ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, "ಕೈ ಹಸಿ ಅದಾವ" ಎಂದು ನಗುತ್ತಾಳೆ. ಕೈ ಒಣಗಿದ್ದರೂ ಹಾಗೇ ಹೇಳುತ್ತಾಳೆ.

ಆ ಕೈಗಳನ್ನು ಸೆರಗಿನೊಳಗೆ ಕಳಿಸಿದವಳು ನಾನು. ಹನ್ನೆರಡು ವರ್ಷದ ಹಿಂದೆ, ನಾಲ್ಕು ಬೆಕ್ಕಿನ ಮರಿಗಳ ಹೆಣದ ಮುಂದೆ ಕೂತು ನಾನು ಆಡಿದ ಒಂದು ಮಾತಿನಿಂದ ಅದು ಶುರುವಾಯಿತು. ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಓದಿದವರು ಹೇಳುತ್ತಾರೆ. ನನಗೆ ಆ ಆಸೆಯಿಲ್ಲ, ಹಗುರಾಗುವ ಯೋಗ್ಯತೆಯೂ ಇಲ್ಲ. ಬಾಯಿಬಿಟ್ಟು ಹೇಳಿದರೆ ನಂಬಬೇಕಾದವಳು ನಂಬಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ನಿಪ್ಪಾಣಿ ಹತ್ತಿರದ ಅಕ್ಕೋಳದಲ್ಲಿ ತಂಬಾಕು ಬೆಳೆಯುವ ಮನೆ. ನಾನು ಹುಟ್ಟಿದ್ದು ಕೃಷ್ಣೆಯ ದಂಡೆಯ ಉಗಾರ ಬುದ್ರುಕದಲ್ಲಿ, ಕಬ್ಬಿನವರ ಮಗಳು. ಕಾಲೇಜು ಮೆಟ್ಟಿಲು ಹತ್ತಿದವಳು ಎಂಬ ಸೊಕ್ಕಿನಲ್ಲೇ ಈ ಮನೆಯ ಹೊಸ್ತಿಲು ದಾಟಿದೆ. ಬಂದು ನೋಡಿದರೆ ತಂಬಾಕು ಇಲ್ಲಿ ಬರೀ ಬೆಳೆಯಲ್ಲ, ಎಲ್ಲಕ್ಕೂ ಮದ್ದು. ಜೋಳಕ್ಕೆ ಹುಳ ಬಿದ್ದರೆ ಚೀಲದ ಬಾಯಿಗೆ ತಂಬಾಕಿನ ಕಡ್ಡಿ. ಕೋಳಿಗೆ ಹೇನಾದರೆ ಗೂಡಿಗೆ ತಂಬಾಕಿನ ಹುಡಿ. ಎತ್ತಿನ ಗಾಯ ಕೊಳೆತರೆ ಅದರಲ್ಲಿ ಹುಡಿ ತುಂಬಿ ಬಟ್ಟೆ ಕಟ್ಟುವುದು. ಕುಡುಗೋಲು ತಾಗಿ ರಕ್ತ ಬಂದರೂ ಮೇಲೊಂದು ಚಿಟಿಕೆ. ಬೆಳಗ್ಗೆ ಎದ್ದರೆ ಹೆಂಗಸರಿಗೆ ಮಿಶ್ರಿ: ಹಂಚಿನ ಮೇಲೆ ತಂಬಾಕನ್ನು ಕರ್ರಗೆ ಹುರಿದು, ಅರೆದು, ಆ ಪುಡಿಯಿಂದ ಹಲ್ಲು ತಿಕ್ಕುವುದು. ಇದನ್ನೆಲ್ಲ ನೋಡಿ ಹೊಸತರಲ್ಲಿ ಮೂಗು ಮುರಿದೆ. ಎರಡನೆಯ ವರ್ಷಕ್ಕೆ ನನ್ನ ಹಲ್ಲೂ ಕಪ್ಪಾದವು.

ಮೊದಲ ವರ್ಷದ ಚಳಿಗಾಲದ ಒಂದು ಬೆಳಗ್ಗೆ ಮಂಜಿಗೆ ಒದ್ದೆಯಾದ ಎಲೆಗಳನ್ನು ತೋಳಿನ ಮೇಲೆ ಹೊತ್ತು ಬದುವಿಗೆ ಸಾಗಿಸಿದೆ. ಕೆಲಸಕ್ಕೆ ಸೋತೆನೆಂದು ಯಾರೂ ಅನ್ನಬಾರದೆಂದು ಎಲ್ಲರಿಗಿಂತ ಹೆಚ್ಚು ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ನೀರು ಸುರಿಯತೊಡಗಿತು, ಹೊಲ ಗರಗರ ತಿರುಗಿತು, ಕರುಳು ಬಾಯಿಗೆ ಬಂದಂತೆ ವಾಂತಿ. ಅಕ್ಕ ಓಡಿ ಬಂದು ನನ್ನನ್ನು ಬೇವಿನ ನೆರಳಿಗೆ ಎಳೆದುಕೊಂಡು ಹೋದಳು. ತೋಳಿಗೆ ಸಾಬೂನು ಹಚ್ಚಿ ತೊಳೆದಳು, ಹಣೆ ಹಿಡಿದುಕೊಂಡಳು, ಮಜ್ಜಿಗೆ ಕುಡಿಸಿದಳು.

"ತಂಬಾಕ ಏರೈತಿ, ಹೆದರಬ್ಯಾಡ. ಸಂಜೀಮುಂದ ಇಳೀತೈತಿ. ಒಣಾ ಮೈಗೆ ಇಷ್ಟ ಏರಂಗಿಲ್ಲ ತಂಗಿ, ಹಸೀ ಮೈಗೆ ಭಾಳ ಬೇಗ ಏರತೈತಿ" ಎಂದಳು.

ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿದ್ದೆ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಆದರೆ ಅವಳ ಕೈಗಳು ನಮ್ಮ ಓಣಿಯಲ್ಲೆಲ್ಲ ಹೆಸರಾಗಿದ್ದವು. ಅಗಲ ಅಂಗೈ, ಮೊಂಡು ಬೆರಳು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಓಣಿಯ ಅರ್ಧ ಕೂಸುಗಳಿಗೆ ಎರೆದವಳು ಅವಳೇ. ನನ್ನ ಮಗಳಿಗೂ ಅವಳೇ ಎರೆದಳು. ನನಗೆ ಆ ಜಾರುವ ಕೂಸನ್ನು ಹಿಡಿಯಲು ಹೆದರಿಕೆಯಾಗುತ್ತಿತ್ತು. ಮಗಳು ಬೆಳೆದಂತೆ ಅವಳ ಊಟ, ನಿದ್ದೆ, ಜಡೆ ಎಲ್ಲ ದೊಡ್ಡವ್ವನ ಹತ್ತಿರವೇ ಆಯಿತು. ನನ್ನ ಹತ್ತಿರ ಬರುತ್ತಿದ್ದದ್ದು ಮಾರ್ಕ್ಸ್ ಕಾರ್ಡಿಗೆ ಸಹಿ ಮಾಡಿಸಲು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದಕ್ಕೆ ಬೇರೆ ಚೆಂದದ ಹೆಸರು ಹುಡುಕುವುದಿಲ್ಲ. ಹಣೆ ಹಿಡಿದವಳ ಮೇಲೆ, ಮಜ್ಜಿಗೆ ಕುಡಿಸಿದವಳ ಮೇಲೆ, ನನ್ನ ಕೂಸನ್ನು ಎರೆದು ಬೆಳೆಸಿದವಳ ಮೇಲೆ ಹೊಟ್ಟೆಕಿಚ್ಚು.

ಮಗಳು ಆರನೆಯ ತರಗತಿಯಲ್ಲಿದ್ದ ವರ್ಷ, ತಂಬಾಕು ಬಡಿದು ಸೋಸುವ ದಿನಗಳಲ್ಲಿ, ಒಂದು ಕಿವಿ ಹರಿದ ಬೂದು ಬೆಕ್ಕು ನಮ್ಮ ಅಟ್ಟದ ಮೇಲೆ ಅಕ್ಕ ಮಡಿಸಿಟ್ಟ ಕೌದಿಗಳ ನಡುವೆ ಮರಿ ಹಾಕಿತು. ನಾಲ್ಕು. ಅತ್ತೆ ಆಗಿನ್ನೂ ಇದ್ದರು, ಕಣ್ಣು ಮಂಜಾಗಿದ್ದರೂ ನಾಲಿಗೆ ಹರಿತವಾಗಿತ್ತು. "ತಗದ ಹೊರಗ ಒಗೀರಿ, ಇಲ್ಲಾಂದ್ರ ಅದs ಏಳ ಮನಿ ತಿರಿಗಿಸಿ ಎಲ್ಲೋ ಇಡತೈತಿ" ಎಂದರು. ಬೆಕ್ಕು ತನ್ನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಬದಲಿಸುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದೂ ಅಷ್ಟೇ ಗಟ್ಟಿ ನಂಬಿಕೆ.

ಅಕ್ಕ ಎರಡನ್ನೂ ಕೇಳಲಿಲ್ಲ. ಅಟ್ಟದ ಕಿಂಡಿ ಓಣಿಯ ಗಂಡು ಬೆಕ್ಕಿನ ಹಾದಿ. ಮರಾಠಿಯವರ ಹಾಗೆ ನಾವೂ ಅದನ್ನು ಬೋಕ್ಯಾ ಎನ್ನುತ್ತೇವೆ. ಮರಿಗಳ ಕುತ್ತಿಗೆ ಕಡಿದು ಹಾಕುವುದು ಅದರ ಕಸುಬು. ಎರಡನೆಯ ದಿನ ಅಕ್ಕ ತನ್ನ ಅಂಗೈಗಳನ್ನು ಬೆಕ್ಕು ಮಲಗಿದ್ದ ಕೌದಿಗೆ ಚೆನ್ನಾಗಿ ತಿಕ್ಕಿಕೊಂಡು, ಅದೇ ವಾಸನೆಯ ಕೈಯಿಂದ ಒಂದೊಂದೇ ಮರಿಯನ್ನು ಎತ್ತಿ, ಆ ಕೌದಿಯ ಸಮೇತ ಬುಟ್ಟಿಯೊಂದಕ್ಕೆ ಇಳಿಸಿ ತನ್ನ ಖೋಲಿಗೆ ತಂದಿಟ್ಟುಕೊಂಡಳು. ಅತ್ತೆ ಎದೆ ಎದೆ ಬಡಿದುಕೊಂಡರು. ಬೆಕ್ಕು ಬಂತು, ಬುಟ್ಟಿ ಮೂಸಿತು, ಅಕ್ಕನ ಮುಖ ನೋಡಿತು, ಒಳಗಿಳಿದು ಮೊಲೆ ಕೊಟ್ಟು ಮಲಗಿತು.

"ನೋಡ್ರಿ ಅತ್ತಿ, ಏಳ ಮನಿ ತಿರಗಲಿಲ್ಲ. ನಮ್ಮ ಮನೀನs ಸಾಕಂತ" ಎಂದು ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮುಂದಿನ ಒಂದು ವಾರ ನಮ್ಮ ಮನೆಯಲ್ಲಿ ಬೆಕ್ಕಿನ ಬಾಣಂತನ ನಡೆಯಿತು. ಸುಮ್ಮನೆ ಹೇಳುತ್ತಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೊಟ್ಟೆ, ನೀರಿನ ಬಟ್ಟಲು ದಿನಕ್ಕೆ ಎರಡು ಸಲ. ಬೆಳಗಿನ ಚಳಿಗೆ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಬುಟ್ಟಿಯ ಒಂದು ಮಗ್ಗುಲಿಗೆ ಮಾತ್ರ ಇಡುತ್ತಿದ್ದಳು. ಸೆಕೆಯಾದರೆ ಮರಿಗಳು ಇನ್ನೊಂದು ಮಗ್ಗುಲಿಗೆ ಸರಿಯಲು ಜಾಗ ಬೇಕಂತೆ. ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು ಬುಟ್ಟಿಯ ಮುಂದೆ ಕೂರುವಳು. ಅಕ್ಕ ಅವಳಿಗೆ ಪಾಠ ಹೇಳುವಳು. ಶಾಲೆಯ ಮುಖ ನೋಡದ ಹೆಂಗಸು, ಕಣ್ಣಲ್ಲಿ ಕಣ್ಣಿಟ್ಟು ನೋಡಿಯೇ ಎಲ್ಲ ಕಲಿತಿದ್ದಳು.

"ಇವಕ್ಕ ಈಗ ಕಣ್ಣಿಲ್ಲ, ಕಿವಿ ಇಲ್ಲ. ವಾಸನಿ ಒಂದs ಗೊತ್ತು. ಪ್ರತಿಯೊಂದಕ್ಕೂ ಅದರದ ಅದರದ ಮೊಲಿ ಐತಿ ನೋಡ, ಮತ್ತೊಂದು ಬಂದ್ರ ನೂಕತೈತಿ. ತಾಯಿ ಹೊಟ್ಟಿ ನೆಕ್ಕಿದ್ರs ಇವಕ್ಕ ಉಚ್ಚಿ ಬರತೈತಿ. ನೆಕ್ಕದಿದ್ರ ಹೊಟ್ಟಿ ಉಬ್ಬಿ ಸಾಯತಾವ. ಅದಕ್ಕ ಅದು ಹಗಲೆಲ್ಲ ನೆಕ್ಕೋದು."

"ಕಣ್ಣ ಯಾವಾಗ ಬಿಡತಾವ ದೊಡ್ಡವ್ವಾ?"

"ಎಂಟಕ್ಕ ಇಲ್ಲಾ ಒಂಬತ್ತಕ್ಕ. ಮೂಗಿನ ಕಡಿ ಮೂಲಿಯಿಂದ ಸ್ವಲ್ಪs ಸೀಳತೈತಿ. ನಾವು ಬಿಡಸಾಕ ಹೋಗಬಾರದು."

ನಾಲ್ಕರಲ್ಲಿ ಒಂದು ತೀರಾ ಸಣ್ಣದು, ಅಕ್ಕನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಉಳಿದವು ಅದನ್ನು ತುಳಿದು ಹಿಂದೆ ನೂಕುತ್ತಿದ್ದವು. ಅಕ್ಕ ದಿನಕ್ಕೆ ಐದಾರು ಸಲ ಅದನ್ನು ಎತ್ತಿ, ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಬಾಯಿ ಹಚ್ಚಿ, ಅದು ಕುಡಿದು ಮುಗಿಸುವವರೆಗೆ ಬೆರಳು ಅಡ್ಡ ಇಟ್ಟು ಕಾಯುವಳು. ಆಮೇಲೆ ಅಂಗೈ ಮೇಲೆ ಇಟ್ಟುಕೊಂಡು ಹೊಟ್ಟೆ ದುಂಡಗಾಗಿದೆಯೇ ನೋಡುವಳು. ನಾಲ್ಕನೆಯ ದಿನ ಹೊಕ್ಕಳ ಬಳ್ಳಿ ಒಣಗಿ ಉದುರಿತು. ಐದನೆಯ ದಿನ ಅದೂ ಉಳಿದವನ್ನು ನೂಕತೊಡಗಿತು.

ನಾನೂ ಮಾತಿನಲ್ಲಿ ಸುಮ್ಮನಿರಲಿಲ್ಲ. "ಬೆಕ್ಕಿಗೆ ಯಾವಾಗ ಸೀರಿ ಉಡಸ್ತೀ ಅಕ್ಕಾ? ಹೆಸರಿಡೋದಕ್ಕ ಎಷ್ಟ ಮಂದೀನ ಕರೀತಿ?" ಎಂದು ಊಟದ ಹೊತ್ತಿನಲ್ಲಿ ಗಂಡಸರ ಮುಂದೆ ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನಗೆಯ ಹಿಂದಿನ ಮೊಳೆ ಅವಳಿಗೆ ಚುಚ್ಚುತ್ತಿತ್ತೋ ಇಲ್ಲವೋ, ಚುಚ್ಚಲಿ ಎಂದೇ ನಾನು ಹೇಳುತ್ತಿದ್ದೆ.

ಎಂಟನೆಯ ದಿನ ರಾಯಬಾಗದ ಕಡೆಯ ಪಾಲಬಾವಿಯಿಂದ ಅವಳ ತಮ್ಮ ಗಾಡಿ ತಗೊಂಡು ಬಂದ. ಹೊಸ ಮನೆಯ ವಾಸ್ತುಶಾಂತಿ, ಹಿರಿಯ ಅಕ್ಕ ಬರದಿದ್ದರೆ ಹೇಗೆ ಎಂದ. ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಹೊಸ ಸೀರೆ ಉಟ್ಟುಕೊಂಡು ಮತ್ತೆ ಬುಟ್ಟಿಯ ಮುಂದೆ ಕೂತಳು.

"ಸಣ್ಣದರದ ಎಡಗಣ್ಣು ಮೂಲ್ಯಾಗ ಸೀಳಿದಂಗ ಕಾಣಾಕತ್ತೈತಿ. ನಾಳಿಗೆ ಬಿಡತಾವ. ಏ, ನಾ ಬರೂಮಟ ಬಿಡಬ್ಯಾಡ್ರೆಪಾ" ಎಂದು ಮರಿಗಳಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಏನೂ ಮಾಡಬ್ಯಾಡ ತಂಗಿ. ತಾಯಿಗೆ ಹಾಲ ರೊಟ್ಟಿ ಹಾಕು, ಬೋಕ್ಯಾ ಬರದಂಗ ಬಾಗಿಲ ಮುಂದ ಮಾಡ್ಕೋ, ಅಷ್ಟs. ಮರಿಗೆ ಚಿಕ್ಕಾಡ ಆಗ್ಯಾವ, ಇರಲಿ. ನಾ ಬಂದು ಎಣ್ಣಿ ಹಚ್ಚಿ ಹಣಿಗಿಲೆ ತಗೀತೇನಿ."

ಚಿಕ್ಕಾಡ ಎಂದರೆ ಪ್ರಾಣಿಗಳ ಕೂದಲಲ್ಲಿ ಹಾರಾಡುವ ಆ ಕಪ್ಪು ಕಡಿಯುವ ಹುಳ. ಬುಟ್ಟಿಯ ಮುಂದೆ ಕೂತೂ ಕೂತೂ ಮಗಳ ಕಾಲ ಮೇಲೂ ಕೆಂಪು ಗಂಧೆ ಎದ್ದಿದ್ದವು.

ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿ ಮಗಳು ಬಂದು, ಕೈಕಾಲು ತೊಳೆಯದೆ ಬುಟ್ಟಿಯ ಮುಂದೆ ಕೂತಳು. ಏಳು ಎಂದೆ. ಏಳಲಿಲ್ಲ. ಕಾಲು ನೋಡಿಕೊ ಎಂದೆ.

"ನಿನಗೇನೂ ಗೊತ್ತಾಗಂಗಿಲ್ಲ, ಸುಮ್ನಿರವಾ. ದೊಡ್ಡವ್ವ ಬರೂಮಟ ನಾನs ನೋಡ್ಕೋತೇನಿ. ನಾ ಕೂಸಿದ್ದಾಗ ನನಗ ಎರಿಯಾಕೂ ನಿನಗ ಹೆದರಿಕಿ ಆಗತಿತ್ತಂತ. ಸಣ್ಣ ಜೀವಾ ಹಿಡಿಯಾಕ ನಿನಗ ಬರಂಗಿಲ್ಲ."

ನಿಜವನ್ನೇ ಹೇಳಿದಳು. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬೆನ್ನಿಗೊಂದು ಗುದ್ದು ಕೊಟ್ಟು ಟ್ಯೂಷನ್ನಿಗೆ ಅಟ್ಟಿದೆ. ಅವಳು ಅಳುತ್ತಾ ಹೋದಳು. ನಾನು ತಂಬಾಕಿನ ಖೋಲಿಗೆ ಹೋಗಿ, ಸೋಸಿದ ಮೇಲೆ ಕೆಳಗೆ ಉಳಿಯುವ ನುಣ್ಣನೆಯ ಹುಡಿಯನ್ನು ಒಂದು ಬಟ್ಟಲಿನಲ್ಲಿ ತುಂಬಿಕೊಂಡು ಬಂದೆ.

ಗೊತ್ತಿರಲಿಲ್ಲ ಎಂದು ಬರೆಯಬಹುದು. ಕೋಳಿಗೆ ಹಾಕುತ್ತೇವಲ್ಲ, ಹಾಗೆ ಹಾಕಿದೆ ಎನ್ನಬಹುದು. ಅರ್ಧ ಅದೂ ನಿಜ. ಅಕ್ಕ ಬರುವಷ್ಟರಲ್ಲಿ ಒಂದೂ ಚಿಕ್ಕಾಡ ಇಲ್ಲದ ಹಾಗೆ ಮಾಡಿ, ನನಗೂ ಸಣ್ಣ ಜೀವ ನೋಡಿಕೊಳ್ಳಲು ಬರುತ್ತದೆ ಎಂದು ಮಗಳಿಗೆ ತೋರಿಸಬೇಕೆಂಬ ಹಟವೂ ಇತ್ತು. ಆದರೆ ಬಟ್ಟಲು ಹಿಡಿದು ನಡೆಯುವಾಗ ಬೇವಿನ ಕೆಳಗಿನ ಆ ಮಧ್ಯಾಹ್ನ ನೆನಪಾಯಿತು. ಹಸೀ ಮೈಗೆ ಬೇಗ ಏರುತ್ತದೆ ಎಂಬ ಮಾತು ನೆನಪಾಯಿತು. ಹಗಲೆಲ್ಲ ತಾಯಿ ನೆಕ್ಕುವ ಮೈಗಿಂತ ಹಸಿಯಾದ ಮೈ ಯಾವುದಿದೆ? ನೆನಪಾದ ಮೇಲೂ ನಾನು ನಿಲ್ಲಲಿಲ್ಲ. ಏರಿದರೆ ಏರಲಿ, ಒಂದಿಷ್ಟು ಮಂಕಾಗಲಿ, ಎಂಟು ದಿನದ ಅಕ್ಕನ ಮೆರೆದಾಟ ಸ್ವಲ್ಪ ಇಳಿಯಲಿ ಎಂದುಕೊಂಡೆ. ಈ ಮಾತನ್ನು ನಾನು ಮನಸ್ಸಿನಲ್ಲಿ ಸ್ಪಷ್ಟವಾಗಿ, ಪದಪದವಾಗಿ ಅಂದುಕೊಂಡೆ.

ಬೆಕ್ಕು ಹೊರಗೆ ಹೋಗಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ರೊಟ್ಟಿ ತಟ್ಟುವಾಗ ಹಿಟ್ಟು ಉದುರಿಸುವ ಹಾಗೆ ಮೇಲಿಂದ ಉದುರಿಸಿದೆ. ಹೊರಳಿಸಿ ಹೊಟ್ಟೆಗೂ ತಿಕ್ಕಿದೆ. ಚಿಕ್ಕಾಡಗಳು ಪಟಪಟ ಹೊರಬಿದ್ದು ಕೌದಿಯ ಮೇಲೆ ಒದ್ದಾಡಿದವು. ನನಗೆ ಖುಷಿಯಾಯಿತು. ಎಣಿಸುತ್ತಾ ಕೂತೆ.

ಬೆಕ್ಕು ಬಂತು. ಮೂಸಿ ಸೀನಿತು. ಆಮೇಲೆ ತಾಯಿಯಾದದ್ದು ಏನು ಮಾಡಬೇಕೋ ಅದನ್ನೇ ಮಾಡಿತು, ನೆಕ್ಕತೊಡಗಿತು. ಒಂದನ್ನು ನೆಕ್ಕಿ ಒದ್ದೆ ಮಾಡಿ ಇನ್ನೊಂದಕ್ಕೆ ಹೋಯಿತು. ಹುಡಿ ಮರಿಗಳ ಎಳೆಯ ಚರ್ಮಕ್ಕೆ ಕೆಸರಿನ ಹಾಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಿಗೆ ಬೆಕ್ಕಿನ ಬಾಯಲ್ಲಿ ನೊರೆ. ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡು, ತೂರಾಡುತ್ತಾ ಬಂದು, ಮತ್ತೆ ನೆಕ್ಕಿತು.

ಆಗ ಮರಿಗಳನ್ನು ಕಿತ್ತುಕೊಳ್ಳಲು ಕೈ ಹಾಕಿದೆ. ಬೆಕ್ಕು ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಹರಿದು ಹಾಕಿತು. ಹೇಗೋ ಎತ್ತಿಕೊಂಡು ಬಚ್ಚಲಿಗೆ ಓಡಿ ಒಂದೊಂದನ್ನೂ ನೀರಿನಲ್ಲಿ ತೊಳೆದೆ. ತಣ್ಣೀರು. ಬಿಸಿನೀರಿಗೆ ಒಲೆ ಹಚ್ಚುವಷ್ಟು ಬುದ್ಧಿ ಆಗ ಇರಲಿಲ್ಲ. ಬಾಟಲಿಗೆ ಬಟ್ಟೆ ಸುತ್ತಿ ಬೆಚ್ಚಗಿಡುತ್ತಿದ್ದ ಜೀವಗಳನ್ನು ನಾನು ತಣ್ಣೀರಿನಲ್ಲಿ ಅದ್ದಿದೆ. ಮೊದಲು ಚೀರಿದವು, ಆಮೇಲೆ ಕಾಲುಗಳು ನಡುಗಿದವು, ಆಮೇಲೆ ಸುಮ್ಮನಾದವು. ಮೂರು ಬೇಗ ಹೋದವು. ಸಣ್ಣದು ಎಲ್ಲಕ್ಕಿಂತ ಕೊನೆಗೆ ಹೋಯಿತು. ಎಂಟು ದಿನ ಬದುಕಲು ಅಷ್ಟು ಒದ್ದಾಡಿದ್ದ ಜೀವ, ಸಾಯಲೂ ಅಷ್ಟೇ ಹೊತ್ತು ತೆಗೆದುಕೊಂಡಿತು.

ಮರಿಗಳನ್ನು ಒರೆಸಿ ಬುಟ್ಟಿಯಲ್ಲಿಟ್ಟು, ಕೌದಿ ಒಗೆದೆ. ನೆಲ ಒರೆಸಿದೆ. ಬಟ್ಟಲನ್ನು ತೊಳೆದು ಬೋರಲು ಹಾಕಿದೆ. ಪಡಸಾಲೆಯಲ್ಲಿ ಕೂತಿದ್ದ ಅತ್ತೆಗೆ ಏನೂ ತಿಳಿಯಲಿಲ್ಲ. ಮಗಳು ಬಂದು ಬುಟ್ಟಿ ನೋಡಿ ಕಿರುಚಿದಾಗ, "ತಾಯಿ ಹಾಲ ಕೊಡಲಿಲ್ಲ, ನಾ ಏನ ಮಾಡ್ಲಿ?" ಎಂದೆ. ಮೊದಲ ಸುಳ್ಳು ಅದು. ಹೂಳಲು ಹೋದರೆ ಅವಳು ಬಿಡಲಿಲ್ಲ, ದೊಡ್ಡವ್ವ ನೋಡಬೇಕು ಎಂದು ಬುಟ್ಟಿ ತಬ್ಬಿಕೊಂಡು ಕೂತಳು.

ಮರುದಿನ ಹತ್ತು ಗಂಟೆಗೆ ಅಕ್ಕ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ತಮ್ಮನ ಮನೆಯ ಎಮ್ಮೆ ಕರು ಹಾಕಿತ್ತಂತೆ, ಗಿಣ್ಣದ ಹಾಲು ತಂದಿದ್ದಳು. "ಬಾಣಂತಿಗೆ" ಎಂದು ನಗುತ್ತಾ ಒಳಗೆ ಬಂದಳು. ಡಬ್ಬಿ ಹಿಡಿದುಕೊಂಡೇ ಬುಟ್ಟಿಯ ಮುಂದೆ ನಿಂತಳು. ನಾನು ನೆಲ ನೋಡುತ್ತಿದ್ದೆ.

ಕೂತು ಒಂದೊಂದನ್ನೇ ಅಂಗೈ ಮೇಲೆ ತೆಗೆದುಕೊಂಡಳು. ಸಣ್ಣದನ್ನು ಮುಖದ ಹತ್ತಿರ ತಂದು ನೋಡಿದಳು. ಅದರ ಎಡಗಣ್ಣು ಅರ್ಧ ತೆರೆದಿತ್ತು. ಒಳಗೆ ನೀಲಿ.

"ಇದು ಕಣ್ಣ ಬಿಟ್ಟಿತ್ತು. ಏನ ನೋಡಿತೇನೋ" ಎಂದಳು.

ಅದು ನೋಡಿದ್ದು ನನ್ನನ್ನು.

ಅವಳು ಮೂಸಿಯೂ ನೋಡಿದಳು. ಬೇರೆ ಯಾವ ಮನೆಯಲ್ಲಾದರೂ ಅಲ್ಲೇ ನನ್ನ ಕತೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಗೋಡೆಗೆ, ಹಾಸಿಗೆಗೆ, ಅನ್ನಕ್ಕೆ ಕೂಡ ತಂಬಾಕಿನ ವಾಸನೆ. ಅದನ್ನು ಯಾರೂ ವಾಸನೆ ಎಂದು ಎಣಿಸುವುದೇ ಇಲ್ಲ.

"ತಾಯಿ ಮೊಲಿ ಕೊಡಲಿಲ್ಲೇನ?" ಎಂದು ಕೇಳಿದಳು.

"ಇಲ್ಲ."

"ಯಾಕ? ನಾ ಹೋಗೂಮುಂದ ಛಲೋ ಇತ್ತಲ್ಲ." ಆಮೇಲೆ ತೀರಾ ಮೆಲ್ಲಗೆ ಕೇಳಿದಳು. "ನಾ ಮುಟ್ಟಿದ್ದಕ್ಕ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಹುಡಿಯ ಮಾತು ಹೇಳದೆಯೂ ಇಲ್ಲ ಎನ್ನಬಹುದಿತ್ತು. ಮಗಳು ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹಂಗs ಇರಬೇಕಕ್ಕಾ. ನೀ ಇದ್ದಾಗ ಅಂಜಿ ಕೊಡತಿತ್ತೇನೋ. ಮನಷಾರ ಕೈ ಹತ್ತಿದ್ದು ಎಷ್ಟ ದಿನಾ ನಡೀತೈತಿ?" ಎಂದೆ.

ಪಡಸಾಲೆಯಿಂದ ಅತ್ತೆ ಉಳಿದದ್ದನ್ನು ಪೂರ್ತಿ ಮಾಡಿದರು. "ಹಡದಾಕಿ ಕೈ ಬ್ಯಾರೆ, ನಿನ್ನ ಕೈ ಬ್ಯಾರೆ. ಬ್ಯಾಡ ಬ್ಯಾಡಂತ ಬಡಕೊಂಡ್ನಿ. ಕೇಳಿದೇನ?"

ಅಕ್ಕ ಅಳಲಿಲ್ಲ. ಮರಿಯನ್ನು ಬುಟ್ಟಿಯಲ್ಲಿಟ್ಟು ತನ್ನ ಅಂಗೈಗಳನ್ನು ಹೊರಳಿಸಿ ನೋಡಿಕೊಂಡಳು. ಆಮೇಲೆ ನನ್ನ ಬಲಗೈಯ ಗಾಯ ಕಂಡಿತು. "ಅಯ್ಯ, ಇದೇನ? ಅವನ್ನ ಉಳಸಾಕ ಹೋಗಿ ಪರಚಿಸ್ಕೊಂಡೀ?" ಎಂದಳು. ನಾನು ತಲೆಯಾಡಿಸಿದೆ. ಒಳಗೆ ಹೋಗಿ ಅರಿಸಿನ ಕಲಸಿಕೊಂಡು ಬಂದು ಗಾಯದ ಉದ್ದಕ್ಕೂ ಹಚ್ಚಿದಳು. "ನನ್ನ ಸಲುವಾಗಿ ಎಷ್ಟ ತ್ರಾಸ ತಗೊಂಡಿ ತಂಗಿ" ಎಂದಳು. ನಾನು ಹಚ್ಚಿಸಿಕೊಂಡೆ.

ಬೆಕ್ಕು ಸಾಯಲಿಲ್ಲ. ಎರಡು ದಿನ ಕಲ್ಲಿನಂತೆ ಬಿಗಿದ ಮೊಲೆಗಳನ್ನು ಹೊತ್ತು, ಖೋಲಿ ಖೋಲಿ ತಿರುಗಿ ಒದರಿತು. ಬುಟ್ಟಿ ಇದ್ದ ಜಾಗವನ್ನು ಕೆರೆಯಿತು. ಮೂರನೆಯ ದಿನ ಹೋದದ್ದು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಏಳು ಮನೆ ತಿರುಗುವ ಬುದ್ಧಿಯನ್ನು ಮೊದಲೇ ಮಾಡಿದ್ದರೆ ನಾಲ್ಕೂ ಉಳಿಯುತ್ತಿದ್ದವು. ನಮ್ಮನ್ನು ನಂಬಿ ಕೆಟ್ಟಿತು.

ಆಮೇಲೆ ಅಕ್ಕ ಓಣಿಯ ಕೂಸುಗಳಿಗೆ ಎರೆಯುವುದನ್ನು ಬಿಟ್ಟಳು. ಕರೆಯಲು ಬಂದವರಿಗೆ ಸೊಂಟ ನೋವು ಎಂದಳು. ಕರು ಹುಟ್ಟಿದರೆ ಗೋಣಿತಾಟು ತಂದುಕೊಟ್ಟು ದೂರ ನಿಲ್ಲುವಳು, ಕೋಳಿ ಮರಿ ಕಾಲಿಗೆ ಸಿಕ್ಕರೆ ತಾನೇ ಸರಿದು ದಾರಿ ಬಿಡುವಳು. ಮೊದಮೊದಲು ಕರೆಯುತ್ತಿದ್ದವರು ಆಮೇಲೆ ಅತ್ತೆಯ ಮಾತು ಕಿವಿಗೆ ಬಿದ್ದು ಕರೆಯುವುದನ್ನೇ ನಿಲ್ಲಿಸಿದರು. ಮಗಳು ಮೆಲ್ಲಗೆ ನನ್ನ ಹಾಸಿಗೆಗೆ ಬಂದು ಮಲಗತೊಡಗಿದಳು, ಜಡೆಯನ್ನೂ ನನ್ನಿಂದಲೇ ಹಾಕಿಸಿಕೊಂಡಳು. ನಾನು ಬೇಡಿದ್ದು ಅದೇ. ಸಿಕ್ಕಿತು. ಚೆನ್ನಾಗಿಯೇ ನಿದ್ದೆ ಮಾಡಿದೆ, ಅದನ್ನೂ ಬರೆದುಬಿಡುತ್ತೇನೆ. ವರ್ಷಗಟ್ಟಲೆ ನನಗೆ ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಈಗ. ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಮಗಳು, "ದೊಡ್ಡವ್ವಾ, ನನಗ ಎರದಂಗ ಇವಗೂ ನೀನs ಎರೀಬೇಕು" ಎಂದಳು. ಅಕ್ಕನ ಮುಖ ಒಮ್ಮೆ ಅರಳಿದ್ದನ್ನು ನಾನು ಕಂಡೆ. ಮರುಕ್ಷಣ ಕೈಗಳು ಸೆರಗಿನೊಳಗೆ ಹೋದವು. "ಬ್ಯಾಡ ಬೇ. ನನ್ನ ಕೈ ಸಣ್ಣ ಜೀವಕ್ಕ ಆಗಿ ಬರಂಗಿಲ್ಲ" ಎಂದಳು. ನನಗಂತೂ ಈ ವಯಸ್ಸಿನಲ್ಲೂ ಆ ಕೈಚಳಕವಿಲ್ಲ. ಪಕ್ಕದ ಓಣಿಯ ಹೆಂಗಸೊಬ್ಬಳನ್ನು ಗೊತ್ತು ಮಾಡಿದೆವು. ಅವಳದು ಒರಟು ಕೈ, ಅವಸರ ಬೇರೆ. ಕೂಸು ದಿನಾ ಉಸಿರು ಕಟ್ಟುವ ಹಾಗೆ ಅಳುತ್ತದೆ. ಅದು ಅತ್ತಾಗಲೆಲ್ಲ ಅಡುಗೆಮನೆಯಲ್ಲಿ ಅಕ್ಕನ ಕೈಯ ಲಟ್ಟಣಿಗೆ ನಿಂತುಬಿಡುತ್ತದೆ.

ಮೊನ್ನೆ ಬೆಳಗ್ಗೆ ಹಿತ್ತಲಿನ ಕಲ್ಲಿನ ಮೇಲೆ ನಾವಿಬ್ಬರೇ ಮಿಶ್ರಿ ತಿಕ್ಕುತ್ತಾ ಕೂತಿದ್ದೆವು. ಮೂವತ್ತು ವರ್ಷದಿಂದ ಅಲ್ಲೇ, ಹಾಗೇ ಕೂರುತ್ತೇವೆ. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಆ ಬೆಕ್ಕಿನ ಮರಿ ನಿನ್ನ ಕೈಯಿಂದ ಸಾಯಲಿಲ್ಲ. ನಾ ಕೊಂದ್ನಿ. ತಂಬಾಕದ ಹುಡಿ ಹಾಕಿದ್ನಿ, ಏರಿ ಸತ್ತು. ತಾಯಿ ಮೊಲಿ ಕೊಡತಿತ್ತು, ಕಡೀಮಟ ನೆಕ್ಕತಿತ್ತು. ನಾ ನಿನ್ನ ಮುಂದ ಸುಳ್ಳ ಹೇಳಿದ್ನಿ."

ಅವಳು ಬಾಯಿಂದ ಬೆರಳು ತೆಗೆದು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು.

"ಹೋಗ, ಏನರ ಹೇಳ್ತಿ. ಕೂಸಿನ ಎತ್ಕೊಳ್ಳಲಿ ಅಂತ ಹಿಂಗ ಸುಳ್ಳ ಕಟ್ತೀ?"

"ಸುಳ್ಳಲ್ಲಕ್ಕಾ. ನಿನ್ನ ಮ್ಯಾಲಿನ ಹೊಟ್ಟೀಕಿಚ್ಚಿಗೆ ಹಾಕಿದ್ನಿ. ದೇವರಾಣಿ."

"ಹಾಕಿರಬೇಕು, ಅದಕ್ಕೇನಾತು? ಕೋಳಿಗೆ ಹಾಕತೇವಿ, ಎತ್ತಿಗೆ ಹಾಕತೇವಿ. ಈಗ ಹಲ್ಲಿಗೆ ತಿಕ್ಕಾಕತ್ತೇವಿ. ಏರತೈತಿ, ಇಳೀತೈತಿ. ತಂಬಾಕದಿಂದ ಸತ್ತಾರ ಯಾರ ಈ ಮನ್ಯಾಗ?" ಎಂದು ನನ್ನ ಬಲಗೈ ಹಿಡಿದು, ಮಣಿಕಟ್ಟಿನಿಂದ ಮೊಣಕೈವರೆಗಿನ ಆ ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಉಳೀಲಿ ಅಂತ ಕೈ ಹರಕೊಂಡಾಕಿ ನೀ. ನನಗ ಗೊತ್ತಿಲ್ಲೇನ? ನನ್ನ ಪಾಪಾ ನಿನ್ನ ಮೈಮ್ಯಾಲ ಹೊತ್ಕೊಳ್ಳಾಕ ನಿಂತಿ. ಒಡಹುಟ್ಟಿದಾಕಿನೂ ಇಷ್ಟ ಮಾಡಂಗಿಲ್ಲ."

ನಾನು ಕೂಗಾಡಿದೆ. ಬಟ್ಟಲಿನ ಲೆಕ್ಕ, ತಣ್ಣೀರಿನ ಲೆಕ್ಕ, ಒಗೆದ ಕೌದಿ, ಎಲ್ಲ ಹೇಳಿದೆ. ಹೇಳಿದಷ್ಟೂ ಅವಳ ಕಣ್ಣು ಒದ್ದೆಯಾದವು, ನನ್ನ ಮೇಲಿನ ಪ್ರೀತಿಗೆ. ಕೊನೆಗೆ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿ, "ಗಪ್ಪಾಗು. ಇನ್ನೊಮ್ಮೆ ಇಂಥಾ ಮಾತ ಆಡಬ್ಯಾಡ" ಎಂದು ಎದ್ದು ಹೋದಳು. ಈಗ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ, ನನ್ನಂಥ ನೆಗೆಣ್ಣಿ ಯಾರಿಗೂ ಸಿಗುವುದಿಲ್ಲವೆಂದು.

ಇವತ್ತು ಬೆಳಗ್ಗೆಯೂ ನೀರು ಕಾಯಿಸಿದವಳು ಅವಳೇ. ತಾಮ್ರದ ಹಂಡೆಯಿಂದ ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದಳು. ಇನ್ನೊಂದು ಚೆಂಬು ಬಿಸಿನೀರು ಹಾಕಿ ಮತ್ತೆ ಅದ್ದಿದಳು. "ನೀರ ಹದಾ ಆಗೈತಿ, ಕೂಸಿನ ತರ್ರಿ" ಎಂದು ಕೂಗಿದಳು. ಎರೆಯುವವಳು ಕಾಲು ಚಾಚಿ ಕೂತಳು. ನಾನು ಕೂಸನ್ನು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅಕ್ಕ ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಿದ್ದಳು.